ಕಾದಂಬರಿ ಮಾರಿದರೂ ಹಗ್ಗ ಮಾರಬಾರದು

ಪುಸ್ತಕ ಬರೆಯೋದು ಕಷ್ಟ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಳಿ ಹಾಳೆ ಏನು ಎದುರು ಮಾತಾಡುತ್ತಾ? ಕಷ್ಟ ಶುರುವಾಗೋದು "ನಿಮ್ಮ ಪುಸ್ತಕ ಯಾವುದರ ಬಗ್ಗೆ?" ಅಂತ ಒಬ್ಬರು ಕೇಳಿದಾಗ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟ ದಿನದಿಂದ ನನಗೆ ಆಗಬಾರದ್ದೆಲ್ಲ ಆಗಿದೆ, ಅದೂ ಒಂದರ ಬಾಲ ಇನ್ನೊಂದು ಹಿಡಿದುಕೊಂಡು.

ಎಪ್ಪತ್ತರ ದಶಕದ ಮಾತು. ಆಗ ನಾನು ಮಳವಳ್ಳಿಯಲ್ಲಿ ದನದ ಆಸ್ಪತ್ರೆ ಕಾಂಪೌಂಡರು. ನಿಜವಾದ ಡಾಕ್ಟರನ್ನು ಜನ 'ದೊಡ್ಡ ಡಾಕ್ಟ್ರು' ಅಂತಲೂ ನನ್ನನ್ನು 'ಕುರಿ ಡಾಕ್ಟ್ರು' ಅಂತಲೂ ಕರೆಯೋರು. ಹಗಲೆಲ್ಲ ಕುರಿಗಳಿಗೆ ಸೂಜಿ, ಸಂಜೆ ಆದರೆ ಕಾದಂಬರಿ. ಬರೆದೂ ಬರೆದೂ ಕಂತೆ ಎಷ್ಟು ದಪ್ಪ ಆಯಿತು ಅಂದರೆ, ಅಡಿಗೆಮನೆ ಮೇಲಿನ ಹಲಗೆಯಿಂದ ಡಬ್ಬಿ ತೆಗೆಯಬೇಕಾದರೆ ನಮ್ಮ ಮನೆಯಾಕೆ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಸಾಹಿತ್ಯದಿಂದ ಏನು ಪ್ರಯೋಜನ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಲೋಟದೊಳಗಿನ ಕಥೆ

ಮಂಡ್ಯದಲ್ಲಿ ಲೇಖಕರ ಸಮ್ಮೇಳನ ನಡೆಯುತ್ತೆ, ಮೈಸೂರಿನ ದೊಡ್ಡ ಪ್ರಕಾಶಕರೊಬ್ಬರು ಬರ್ತಾರೆ ಅಂತ ಸುದ್ದಿ ತಂದವರು ನನ್ನ ಸ್ನೇಹಿತರಾದ ಹೈಸ್ಕೂಲು ಕನ್ನಡ ಪಂಡಿತರು. ಅವರದು ಒಂದು ಪುಸ್ತಕ ಆಗಲೇ ಅಚ್ಚಾಗಿತ್ತು. ಹಾಗಾಗಿ ಅವರು ನಡೆಯುವಾಗ ಕೂಡ ಮುನ್ನುಡಿ ಹೇಳೋರ ಹಾಗೆ ನಡೆಯೋರು.

"ಆ ಮನುಷ್ಯ ಕಂತೆ ಬಿಚ್ಚಿ ಓದೋದಿಲ್ಲ ಕಣಯ್ಯಾ," ಅಂದರು. "ಬೆಳಿಗ್ಗೆ ಒಂದು ಲೋಟ ಕಾಫಿ ಕುಡೀತಾರೆ. ಆಗ ಎದುರಿಗೆ ನಿಂತು ಕಥೆ ಹೇಳಬೇಕು. ಲೋಟ ಕೆಳಗಿಡೋದರೊಳಗೆ ಅವರ ಬಾಯಲ್ಲಿ 'ಆಮೇಲೆ?' ಅನ್ನೋ ಮಾತು ಬಂತೋ, ನಿನ್ನ ಪುಸ್ತಕ ಅಚ್ಚಾದ ಹಾಗೆ. ಬರಲಿಲ್ಲವೋ, ಬಂದ ಬಸ್ಸಿಗೇ ವಾಪಸ್ಸು."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ನೋಡಿ, ಇದೇ ಕಡೇ ಸಲ. ಅವರೂ ಬೇಡ ಅಂದರೆ ಈ ಕಂತೆ ಬಚ್ಚಲ ಒಲೆಗೆ. ನೀರಾದರೂ ಕಾಯಲಿ," ಅಂದಳು. ತಮಾಷೆಗೆ ಅಂದಳು ಅಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಒಂದು ರಟ್ಟಿನ ಮೇಲೆ ನನ್ನ ಹೆಸರು ಅಚ್ಚಾಗಿರೋದನ್ನು ನೋಡಬೇಕು ಅನ್ನೋದು ನನಗೆ ಮೀಸೆ ಬರೋಕೆ ಮುಂಚಿನಿಂದ ಇದ್ದ ಆಸೆ. ಬೇರೆ ಆಸೆ ಯಾವುದೂ ಇಷ್ಟು ದಿನ ಬಾಳಿರಲಿಲ್ಲ.

ಸರಿ, ಅಭ್ಯಾಸ ಶುರು. ಹೆಂಡತಿ ಪ್ರಕಾಶಕರು, ನಾನು ಲೇಖಕ. ಅವಳು ಲೋಟ ಎತ್ತಿಕೊಂಡಳು. ನಾನು ಗಂಟಲು ಸರಿಮಾಡಿಕೊಂಡು, "ಕೊತ್ತತ್ತಿ ಗ್ರಾಮ. ಎರಡು ಮನೆತನ. ಮೊದಲನೇ ಮನೆಯ ಮೂಲಪುರುಷ..." ಅಂತ ಶುರುಮಾಡಿದೆ. ಲೋಟ ಠಣ್ಣಂತ ಕೆಳಗೆ ಕೂತಿತು. ನಾನಿನ್ನೂ ನಾಯಕನ ತಾತನ ಮದುವೆ ಮಾತುಕತೆಯಲ್ಲಿದ್ದೆ.

"ಇನ್ನೊಂದು ಲೋಟ ಕುಡಿ," ಅಂದೆ. ಕುಡಿದಳು. ತಾತನಿಗೆ ಮದುವೆಯಾಯಿತು. ಮೂರನೇ ಲೋಟಕ್ಕೆ ಬರ ಬಂತು. ನಾಲ್ಕನೇದಕ್ಕೆ ಅವಳು ಲೋಟ ಬೋರಲು ಹಾಕಿದಳು, ನಾಯಕ ಇನ್ನೂ ಹುಟ್ಟಿರಲಿಲ್ಲ.

"ಅಲ್ಲಾರೀ," ಅಂತ ರೇಗಿದಳು, "ನೀರಿಗೆ ಜಗಳ ಆಡೋ ಎರಡು ಮನೆ. ಎರಡೂ ಮನೆ ಮಕ್ಕಳು ತೂಬು ಕಾಯೋಕೆ ಬಂದು ನೀರು ಕಾಯೋದನ್ನೇ ಮರೆತರು. ಇಷ್ಟೇ ತಾನೇ ನಿಮ್ಮ ಕಥೆ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ದೊಡ್ಡ ಕಾದಂಬರೀನ ಒಗ್ಗರಣೆ ಹಾಕಿದ ಹಾಗೆ ಚುಂಯ್ ಅಂತ ಮುಗಿಸ್ತೀಯಲ್ಲ, ನಿನಗೆ ಸಾಹಿತ್ಯ ಅಂದರೆ ಏನು ಅಂತ ಗೊತ್ತೇನೇ?" ಅಂದೆ.

"ಸಾಹಿತ್ಯ ಗೊತ್ತಿಲ್ಲ. ಕಾಫಿಪುಡಿ ಖಾಲಿ ಆಯಿತು ಅನ್ನೋದು ಗೊತ್ತು," ಅಂದಳು.

ಮಾವನವರ ಪಂಚಾಂಗ

ಹೆಂಡತಿಯ ತವರು ಮದ್ದೂರು. ಮಾವನವರು ಪುರೋಹಿತರು. ಅವರ ಮನೆಯಲ್ಲಿ ಬೆಕ್ಕು ಕೂಡ ಒಳ್ಳೇ ಹೊತ್ತು ನೋಡಿ ಮರಿ ಹಾಕಬೇಕು. ಇಂಥ ದೊಡ್ಡ ಕೆಲಸಕ್ಕೆ ಹೋಗುವಾಗ ಹಿರಿಯರಿಗೆ ಒಂದು ಮಾತು ಹೇಳಿಬಿಡೋಣ ಅಂತ ಹೋದೆ. ಹೋಗಬಾರದಿತ್ತು.

"ಸಮ್ಮೇಳನ ಯಾವತ್ತು?"

"ಶನಿವಾರ."

ಮಾವನವರು ಕನ್ನಡಕ ಏರಿಸಿ, ಪಂಚಾಂಗ ತೆಗೆದು, ಮುಖ ಹುಳ್ಳಗೆ ಮಾಡಿದರು. "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆ ಹೊತ್ತಿನಲ್ಲಿ ಪುಸ್ತಕದ ವಿಷಯ ಅಂತ ತುಟಿ ಬಿಚ್ಚಿದೆಯೋ, ಅದು ಏಳೇಳು ಜನ್ಮಕ್ಕೂ ಅಚ್ಚಾಗೋದಿಲ್ಲ. ಒಂಬತ್ತರೊಳಗೆ ಹೇಳಿ ಮುಗಿಸು. ಇಲ್ಲ, ಹತ್ತೂವರೆ ತನಕ ಬಾಯಿಗೆ ಬೀಗ."

"ಮಾವಯ್ಯ, ಅವರೇ ಏನಾದರೂ ಕೇಳಿದರೆ?"

"ಕೇಳಲಿ. ಕೇಳೋರಿಗೆ ರಾಹು ಹಿಡಿಯೋದಿಲ್ಲ, ಹೇಳೋರಿಗೆ ಹಿಡಿಯೋದು."

ನಾನು ಇಂಥದ್ದನ್ನೆಲ್ಲ ನಂಬೋನಲ್ಲ. ಆದರೆ ಬಚ್ಚಲ ಒಲೆ ಕಣ್ಣ ಮುಂದೆ ಬಂತು. ಮಾವನವರು ತಮ್ಮ ತಲೆ ಮುಟ್ಟಿ ಆಣೆ ಮಾಡು ಅಂದರು, ಮಾಡಿದೆ. ಅವರ ತಲೆಗೆ ಏನಾದರೂ ಆದರೆ ಮನೆಯಾಕೆ ನನ್ನ ತಲೆ ಉಳಿಸೋದಿಲ್ಲ ಅನ್ನೋದು ಪಂಚಾಂಗ ನೋಡದೇ ಗೊತ್ತಿತ್ತು.

ಬಂಡೂರಿನಲ್ಲಿ ಪಾಠ

ಆ ವಾರ ಬಂಡೂರಿನಲ್ಲಿ ಕುರಿಗಳಿಗೆ ಸೂಜಿ ಹಾಕೋ ಕೆಲಸ. ಬಂಡೂರು ಕುರಿ ಅಂದರೆ ಗೊತ್ತಲ್ಲ, ಗಿಡ್ಡ ಕಾಲು, ಅಗಲ ಬೆನ್ನು. ನಾನು ಒಂದೊಂದು ಕುರಿಯ ಕತ್ತು ಹಿಡಿದುಕೊಂಡು, ಅದನ್ನೇ ಪ್ರಕಾಶಕರು ಅಂದುಕೊಂಡು ಕಥೆ ಹೇಳುತ್ತಿದ್ದೆ. "ದಯವಿಟ್ಟು ಒಂದು ನಿಮಿಷ ಕೇಳಿ ಸ್ವಾಮೀ, ಅಷ್ಟೇನೂ ಚೆನ್ನಾಗಿಲ್ಲ, ಮಧ್ಯೆ ಸ್ವಲ್ಪ ಎಳೆದ ಹಾಗಿದೆ, ಆದರೂ..." ಅನ್ನೋದು, ಸೂಜಿ ಚುಚ್ಚೋದು. ಕುರಿ ಬ್ಯಾ ಅಂತ ಓಡಿಹೋಗೋದು.

ಇದನ್ನು ಕುರಿ ದಲ್ಲಾಳಿ ಗೌಡ್ರು ಬೇಲಿ ಒರಗಿಕೊಂಡು ನೋಡುತ್ತಿದ್ದರು. ಕಲ್ಲಿಮೀಸೆ, ಹೆಗಲ ಮೇಲೆ ಕೆಂಪಂಚಿನ ಟವೆಲು. ಆ ಸೀಮೆಯಲ್ಲಿ ಅವರ ಕೈ ಸೇರದೆ ಒಂದು ಟಗರೂ ಮಾರಾಟ ಆಗುತ್ತಿರಲಿಲ್ಲ. ವಿಷಯ ಏನು ಅಂತ ಕೇಳಿ ತಿಳಿದುಕೊಂಡರು.

"ಅಲ್ಲ ಸಾಮೀ," ಅಂದರು, "ನೀವು ಮಾರಾಕೆ ಓಯ್ತಾ ಇದ್ದೀರೋ ಬಿಕ್ಸೆ ಬೇಡಾಕೆ ಓಯ್ತಾ ಇದ್ದೀರೋ? ಕೊಳ್ಳೋನ ಮುಂದೆ ನಾವೇ ಉಳುಕು ಎತ್ತಿ ಆಡೋದಾ? 'ಇದು ಮಾರಾಕಲ್ಲ' ಅನ್ಬೇಕು. ಅಂಗಂದ್ರೇನೆ ಅವ್ನು ಅತ್ರ ಬರೋದು. ಬುಡಿ, ನಾನು ಕಲಿಸ್ತೀನಿ."

ಪಾಠ ಅಲ್ಲೇ ಶುರು. ದೂರದಿಂದ ಬಂದ ಒಬ್ಬ ಗಿರಾಕಿ ಗೌಡರ ಟಗರಿನ ಬೆನ್ನು ಅಮುಕಿ ನೋಡುತ್ತಿದ್ದ. "ಇದನ್ನ ನೀವೇ ಮಾರಿ," ಅಂದು ಗೌಡರು ಹಿಂದೆ ಸರಿದರು. ನಾನು ಮೀಸೆ ಮೇಲೆ ಕೈ ಇಟ್ಟು, "ಇದು ಮಾರಾಟಕ್ಕಲ್ಲ," ಅಂದೆ. ಗಿರಾಕಿಗೆ ಆಸೆ ಹುಟ್ಟಿತು. "ಯಾಕ್ ಸಾಮಿ?" ಅಂತ ಹತ್ತಿರ ಬಂದ. ಅಲ್ಲಿಗೆ ಪಾಠ ಫಲಿಸಿತ್ತು. ಆದರೆ 'ಯಾಕೆ' ಅಂದವನಿಗೆ ಏನಾದರೂ ಹೇಳಬೇಕಲ್ಲ? ನನ್ನ ಬಾಯಿಗೆ ಕಸುಬು ಬಂತು. "ಹೊಟ್ಟೇಲಿ ಜಂತುಹುಳ ಇದೆ," ಅಂದುಬಿಟ್ಟೆ. ಗಿರಾಕಿ ತಿರುಗಿ ನೋಡದೆ ಹೋದ.

ಗೌಡರು ತಲೆ ಮೇಲೆ ಟವೆಲು ಹಾಕಿಕೊಂಡು ಕೂತರು. ಆಮೇಲೆ ಅದನ್ನು ಕೊಡವಿ ಎದ್ದು, "ಸಾಮೀ, ನಿಮ್ ಕೈಲಿ ಆಗಾಕಿಲ್ಲ. ನಾನೇ ಬತ್ತೀನಿ ಮಂಡ್ಯಕ್ಕೆ. ಒಂದು ಮಾತ್ರ ನೆಪ್ಪಿರಲಿ. ಯಾಪಾರ ಆದ್ಮೇಲೆ ಕುರಿ ಕೊಟ್ರೂ ಅದರ ಕತ್ತಿಗೆ ಕಟ್ಟಿದ ಅಗ್ಗ ಕೊಡಬಾರ್ದು. ಅಗ್ಗದ ಜೊತ್ಗೆ ಮನೆ ಲಕ್ಸ್ಮೀನೂ ಒಂಟೋಯ್ತಾಳೆ," ಅಂದರು.

"ಗೌಡ್ರೇ, ಅದು ಕುರಿ ಅಲ್ಲ, ಕಾದಂಬರಿ," ಅಂದೆ.

"ಅದ್ಕೆ ಜಂತುಹುಳ ಇಲ್ಲ ತಾನೆ? ಇನ್ನೇನು ಬುಡಿ, ಸಲೀಸು!"

ಬಸ್ಸಿನಲ್ಲಿ ಒಂದು ಸಾವು ತಪ್ಪಿದ್ದು

ಶನಿವಾರ ಬೆಳಗಿನ ಮೊದಲ ಬಸ್ಸಿಗೇ ಹತ್ತಿದೆವು. ಎಂಟಕ್ಕೆ ಮಂಡ್ಯ, ಒಂಬತ್ತರೊಳಗೆ ಕಥೆ ಹೇಳಿ ಮುಗಿಸೋದು, ಆಮೇಲೆ ರಾಹು ಬೇಕಾದರೆ ಬರಲಿ. ಇದು ನನ್ನ ಯೋಜನೆ. ಕಂತೆಗೆ ಹೆಂಡತಿಯ ಹಳೇ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದೆ.

ಮಳವಳ್ಳಿ ದಾಟಿತ್ತೋ ಇಲ್ಲವೋ, ಗೌಡರು, "ಕತೆ ಏಳಿ ಸಾಮಿ, ನಾನೂ ಪೂರ್ತಿ ಕೇಳಿಲ್ಲ. ಮಾರೋ ಸರಕು ಏನು ಅಂತ ನಂಗೂ ಗೊತ್ತಿರಬೇಕಲ್ಲ," ಅಂದರು. ಹೇಳಿದೆ. ಇಂಜಿನ್ನಿನ ಸದ್ದಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ. ಹಿಂದಿನ ಸೀಟಿನವರು ಕತ್ತು ಮುಂದೆ ಚಾಚಿದರು, ಮುಂದಿನವರು ಹಿಂದೆ ತಿರುಗಿದರು. ಕಂಡಕ್ಟರು ಟಿಕೆಟ್ ಹರಿಯೋದನ್ನು ನಿಲ್ಲಿಸಿ ಕಂಬಿಗೆ ಒರಗಿಕೊಂಡ.

"...ಅಪ್ಪ ಮದುವೆಗೆ ಒಪ್ಪದೆ, ಕೊನೆಗೆ ಆ ಹುಡುಗಿ ನಾಲೆಗೆ ಹಾರಿ ಪ್ರಾಣ ಬಿಡ್ತಾಳೆ," ಅಂತ ಗದ್ಗದವಾಗಿ ಮುಗಿಸಿದೆ.

"ಅಯ್ಯೋ ನಿನ್ ಕೈ ಸೇದೋಗ!" ಅಂತ ಒಂದು ಕೂಗು. ಮುಂದಿನ ಸೀಟಿನಲ್ಲಿದ್ದ ಪೂರಿಗಾಲಿಯ ಅಜ್ಜಿಯೊಂದು, ಎಲೆ ಅಡಿಕೆ ಜಗಿಯೋದು ನಿಲ್ಲಿಸಿ ನನ್ನ ಮೇಲೆ ಎರಗಿತು. "ಆ ಎಣ್ಣು ನಿನಗೇನು ಮಾಡಿತ್ತಪ್ಪ? ಎತ್ತೋರ ಒಟ್ಟೆ ಉರಿಸ್ತೀಯ? ಅವಳ ಅಪ್ಪನ್ನ ತಳ್ಳು ನಾಲೆಗೆ!"

"ಅಪ್ಪನ್ನ ತಳ್ಳು, ಅಪ್ಪನ್ನ ತಳ್ಳು," ಅಂತ ಅರ್ಧ ಬಸ್ಸು ಕೂಗಿತು.

ಅಷ್ಟರಲ್ಲಿ ನೆಂಟರ ಮನೆ ಊಟ ಮುಗಿಸಿಕೊಂಡು ವಾಪಸ್ಸು ಹೊರಟಿದ್ದ ಕೊತ್ತತ್ತಿಯವರೇ ಒಬ್ಬರು ಎದ್ದು ನಿಂತರು. "ಏನಯ್ಯಾ, ನಮ್ಮೂರೋರು ನೀರಿಗೆ ಜಗಳ ಆಡ್ತಾರೆ ಅಂತ ಬರ್ದಿದ್ದೀಯ? ನಾವು ಯಾವತ್ತಾದ್ರೂ ನೀರಿಗೆ ಜಗಳ ಆಡಿದ್ದೀವೇನಯ್ಯಾ?"

"ನೀವು ಆಡಾಕಿಲ್ಲ, ಸುಮ್ನೆ ತಿರುಗಿಸ್ಕೊತೀರ!" ಅಂತ ಹಿಂದಿನ ಸೀಟಿನಿಂದ ಒಬ್ಬರು. ಅವರ ಗದ್ದೆ ಅದೇ ಕಾಲುವೆಯ ಕೊನೆಯಲ್ಲಿತ್ತಂತೆ. "ಮೇಲಿನೋರು ನೀವು ತೂಬಿಗೆ ಕಲ್ಲು ಆಕಿದ್ರೆ ಕೆಳ್ಗಿನೋರು ನಾವು ಏನು ಕುಡಿಬೇಕ್ಲಾ?"

"ಯಾರ್ಲಾ ಕಲ್ಲು ಆಕಿದ್ದು?"

"ನಿಮ್ಮಪ್ಪ ಕಣ್ಲಾ!"

ನೀರಿಗೆ ಯಾವತ್ತೂ ಜಗಳ ಆಡದವರು ಅಂಗಿ ತೋಳು ಮಡಚಿದರು. ಡ್ರೈವರ್ ಬಸ್ಸನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸಿ, ಹಿಂದೆ ತಿರುಗಿದ. ಜಗಳ ಬಿಡಿಸೋಕೆ ಅಂದುಕೊಂಡಿರಾ? ಅವನು ನನ್ನನ್ನೇ ದಿಟ್ಟಿಸಿ, "ಸಾರ್, ನಂಗೂ ಒಬ್ಳು ಮಗಳವ್ಳೆ. ಆ ಉಡುಗಿ ಬದುಕೋಗಂಟ ಈ ಗಾಡಿ ಮುಂದಕ್ಕೋಗಾಕಿಲ್ಲ," ಅಂದ.

ನಾನು ಗಡಿಯಾರ ನೋಡಿದೆ. ಎಂಟು ಇಲ್ಲೇ ಆಗಿತ್ತು. ವರ್ಷಗಟ್ಟಲೆ ಕಷ್ಟಪಟ್ಟು, ಅತ್ತು, ಕರೆದು ಮುಳುಗಿಸಿದ್ದ ಹುಡುಗಿ ಅವಳು. ಆದರೂ ಏನು ಮಾಡೋದು? "ಆಯ್ತು ಮಾರಾಯ, ಯಾರೋ ಎಳೆದು ಹಾಕ್ತಾರೆ, ಬದುಕ್ತಾಳೆ!" ಅಂದೆ.

"ಮದುವೆ?" ಅಂತು ಅಜ್ಜಿ.

"ಮದುವೇನೂ ಆಗುತ್ತೆ!"

ಕಂಡಕ್ಟರು ಎರಡು ಸಲ ಸೀಟಿ ಊದಿದ. "ರೈಟ್ ರೈಟ್! ಉಡುಗಿ ಬದುಕಿದ್ಲು, ಮದ್ವೆ ಆಯ್ತು, ಮದ್ದೂರ್ ಇಳಿಯೋರು ಮುಂದ್ ಬನ್ನಿ!"

ಮೂಗ ಲೇಖಕ

ಮಂಡ್ಯದಲ್ಲಿ ಇಳಿದು ಸಮ್ಮೇಳನದ ಚಪ್ಪರಕ್ಕೆ ಓಡಿದಾಗ ಒಳಗೆ ಕಂಬಕ್ಕೆ ತೂಗುಹಾಕಿದ್ದ ಗಡಿಯಾರ ಒಂಬತ್ತು ಹೊಡೆಯಿತು. ಹೊಡೆತ ಒಂದೊಂದೂ ನನ್ನ ಬೆನ್ನಿಗೇ ಬಿದ್ದ ಹಾಗಾಯಿತು.

ಕನ್ನಡ ಪಂಡಿತರು ಬಾಗಿಲಲ್ಲೇ ಕಾಯುತ್ತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ದೆ? ಬಾ, ಈಗ ತಾನೇ ಕಾಫಿ ತಂದುಕೊಟ್ಟಿದ್ದಾರೆ!" ಅಂತ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಪ್ರಕಾಶಕರ ಎದುರಿಗೆ ನಿಲ್ಲಿಸಿದರು. ಸಣಕಲು ದೇಹ, ಬಿಳಿ ಜುಬ್ಬ, ವರ್ಷಗಟ್ಟಲೆ ಕಥೆ ಕೇಳೀ ಕೇಳೀ ಬಾಡಿದ ಮುಖ. ಕೈಯಲ್ಲಿ ಹಬೆಯಾಡೋ ಲೋಟ.

"ಹೇಳಿ," ಅಂದರು.

ನಾನು ತುಟಿ ಬಿಗಿಹಿಡಿದು ಕೈ ಮುಗಿದೆ.

"ಹೇಳಯ್ಯಾ!" ಅಂತ ಪಂಡಿತರು ತಿವಿದರು. ನಾನು ಗಡಿಯಾರದ ಕಡೆ ಕಣ್ಣು ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಲೋಟದಲ್ಲಿ ಕಾಫಿ ಇಳೀತಾ ಇದೆ. ಬಾಯಿ ಬಿಟ್ಟರೆ ರಾಹು, ಬಿಡದಿದ್ದರೆ ಬಚ್ಚಲ ಒಲೆ. ಬಾಯಿ ತಾನೇ ಬಿಡಬಾರದು, ಕೈ ಆಡಿಸಬಾರದು ಅಂತ ಮಾವ ಹೇಳಿಲ್ಲವಲ್ಲ ಅನ್ನಿಸಿತು. ಎರಡು ಕೈಯಿಂದ ಎರಡು ಮನೆ ಕಟ್ಟಿ ತೋರಿಸಿದೆ. ಸರ್ರಂತ ನೀರು ಹರಿಸಿದೆ. ನೀರು ತಡೆಯೋಕಾಗದೆ ಒದ್ದಾಡಿದೆ. ತೂಬಿನ ಬಾಗಿಲು ಎತ್ತೋಕೆ ಕೂತು, ಮುಖ ಕೆಂಪಗೆ ಮಾಡಿಕೊಂಡು ತಿಣುಕಿದೆ.

ಪ್ರಕಾಶಕರು ಗಾಬರಿಯಿಂದ ಲೋಟ ಕೆಳಗಿಟ್ಟರು. "ಪಾಪ, ಮಾತು ಬರೋದಿಲ್ಲ ಅಂತ ಕಾಣುತ್ತೆ. ಅರ್ಜೆಂಟಾಗಿದೆ. ಯಾರಾದರೂ ಇವರನ್ನು ಹಿತ್ತಲಿಗೆ ಕರಕೊಂಡು ಹೋಗ್ರಯ್ಯಾ!"

ಇಬ್ಬರು ಸ್ವಯಂಸೇವಕರು ನನ್ನನ್ನು ಎತ್ತಿಕೊಂಡೇ ಹೋದರು. ಒಬ್ಬ ಚೆಂಬು ಹಿಡಿದುಕೊಂಡು ಹೊರಗೆ ಕಾದ.

ಟವೆಲಿನ ಕೆಳಗೆ

ಹತ್ತೂವರೆಗೆ ರಾಹು ಹೋದ, ಪ್ರಕಾಶಕರೂ ವೇದಿಕೆ ಹತ್ತಿದ್ದರು. ಮಧ್ಯಾಹ್ನದ ತನಕ ನಾನು ಚಪ್ಪರದ ಮೂಲೆಯಲ್ಲಿ ಕಂತೆ ತಬ್ಬಿಕೊಂಡು ಕೂತಿದ್ದೆ. ಸುಳ್ಳು ಯಾಕೆ, ಕಣ್ಣಲ್ಲಿ ನೀರು ಬಂತು. ಒಲೆಯ ಮುಂದೆ ಕೂತು ನನ್ನ ಹುಡುಗಿಯನ್ನು ಒಂದೊಂದೇ ಹಾಳೆಯಾಗಿ ಹಾಕಬೇಕಲ್ಲ ಅನ್ನಿಸಿತು. ಬೆಳಿಗ್ಗೆ ತಾನೇ ನಾಲೆಯಿಂದ ಉಳಿಸಿದ್ದೆ.

ಗೌಡರು ಊಟ ಮುಗಿಸಿ ತೇಗಿಕೊಂಡು ಬಂದರು. "ಯಾಕ್ ಸಾಮಿ ಮೊಕ ಇಂಗ್ ಮಾಡ್ಕೊಂಡಿದ್ದೀರಿ? ಕಾಫಿ ತಪ್ಪಿದ್ರೆ ಎಲೆ ಅಡ್ಕೆ ಐತೆ. ಕೊಡಿ ಇತ್ಲಾಗೆ."

ಪ್ರಕಾಶಕರು ಒಂದು ಬೆಂಚಿನ ಮೇಲೆ ಒಬ್ಬರೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಗೌಡರು ಹೋಗಿ ಪಕ್ಕದಲ್ಲಿ ಕೂತು, ಕಂತೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಅದರ ಬೆನ್ನು ನೀವುತ್ತಾ ಎತ್ತಲೋ ನೋಡಿದರು. ನಾನು ಹಿಂದೆ ನಿಂತೆ.

ಗೌಡರು ಆ ಕಡೆಯೇ ನೋಡುತ್ತಾ, "ಇದು ಮಾರಾಕಲ್ಲ ಬುದ್ದಿ," ಅಂದರು.

"ನಾನು ಕೇಳಲಿಲ್ಲವಲ್ಲಪ್ಪ!"

"ಕೇಳಿದ್ರೂ ಕೊಡಾಕಿಲ್ಲ. ಅದ್ಕೇ ಮೊದ್ಲೇ ಏಳ್ದೆ."

ಪ್ರಕಾಶಕರು ಸುಣ್ಣದ ಬೆರಳು ಹಾಗೇ ನಿಲ್ಲಿಸಿದರು. "ಬೆಳಿಗ್ಗೆಯಿಂದ ತಗೊಳ್ಳಿ ತಗೊಳ್ಳಿ ಅಂತ ನನ್ನ ಜೀವ ತಿಂದಿದ್ದಾರೆ. ಕೊಡಲ್ಲ ಅಂದವನು ನೀನೊಬ್ಬನೇ. ಅಂಥದ್ದೇನಿದೆಯಪ್ಪ ಇದರಲ್ಲಿ?"

ಗೌಡರು ತಡಬಡಿಸಿ ನನ್ನ ಕಡೆ ನೋಡಿದರು. ಬಸ್ಸಿನ ಗಲಾಟೆಯಲ್ಲಿ ಅವರಿಗೆ ಕಥೆ ಅರ್ಧ ಮರೆತಿತ್ತು. ನನಗೋ, ಇಡೀ ಮೂಲಪುರುಷರ ವಂಶಾವಳಿಯೇ ನಾಲಿಗೆ ತುದಿಗೆ ಬಂದು ನಿಂತಿತು. ಬಾಯಿ ಬಿಟ್ಟೆ. ಬಂದದ್ದು ಹೆಂಡತಿಯ ಒಗ್ಗರಣೆ.

"ನೀರಿಗೆ ಜಗಳ ಆಡೋ ಎರಡು ಮನೆ. ಎರಡೂ ಮನೆ ಮಕ್ಕಳು ತೂಬು ಕಾಯೋಕೆ ಬಂದು ನೀರು ಕಾಯೋದನ್ನೇ ಮರೆತರು."

ಪ್ರಕಾಶಕರು ಬೆಚ್ಚಿ ಹಿಂದೆ ತಿರುಗಿದರು. "ಅಯ್ಯೋ ಶಿವನೇ, ಇವರಿಗೆ ಮಾತು ಬರುತ್ತೆ!" ಅಂದರು. ಅಡಿಕೆ ನೆಲಕ್ಕೆ ಬಿತ್ತು. ಆಮೇಲೆ ಸುಧಾರಿಸಿಕೊಂಡು, ನನ್ನನ್ನೇ ನೋಡುತ್ತಾ, ನಿಧಾನವಾಗಿ ಕೇಳಿದರು.

"ಆಮೇಲೆ?"

ನನಗೆ ಆ ಮಾತು ಕೇಳಿ ಮೈ ಜುಮ್ಮೆಂದಿತು. ಹೇಳೋಕೆ ಬಾಯಿ ತೆಗೆದೆ. ಗೌಡರು ಟಪ್ಪಂತ ಟವೆಲಿನಿಂದ ನನ್ನ ಬಾಯಿ ಮುಚ್ಚಿದರು. "ಆಮ್ಯಾಕಿಂದು ತಗೊಂಡೋರಿಗೆ ಮಾತ್ರ ಬುದ್ದಿ! ಎಲ್ಲಿ, ಕೈ ತನ್ನಿ ಇತ್ಲಾಗೆ."

ನಮ್ಮ ಕಡೆ ಕುರಿ ವ್ಯಾಪಾರ ಬಾಯಲ್ಲಿ ಆಗೋದಿಲ್ಲ. ಇಬ್ಬರ ಕೈ ಮೇಲೆ ಟವೆಲು ಹೊದಿಸಿ, ಒಳಗೊಳಗೇ ಬೆರಳು ಹಿಡಿದು ಮುಗಿಸೋದು. ಪಕ್ಕದವನಿಗೂ ತಿಳಿಯಬಾರದು. ಪ್ರಕಾಶಕರ ಕೈ ಟವೆಲಿನ ಕೆಳಗೆ ಹೋಯಿತು. ಗೌಡರು ಆಕಾಶ ನೋಡಿದರು. ಪ್ರಕಾಶಕರು ಕಚಗುಳಿಗೆ ಕಿಸಕ್ಕಂತ ನಕ್ಕರು, ಆಮೇಲೆ ಹೆದರಿ ಗೌಡರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಯಾಪಾರ ಆಗೋಯ್ತು!" ಅಂತ ಗೌಡರು ಕೂಗಿದ ಕೂಗಿಗೆ, ಯಾವ ಗೋಷ್ಠಿಯದೋ ಏನೋ ಅಂತ ಚಪ್ಪರದವರೆಲ್ಲ ಚಪ್ಪಾಳೆ ತಟ್ಟಿದರು.

"ಏನು ವ್ಯಾಪಾರ? ನಾನು ಏನಕ್ಕೆ ಒಪ್ಪಿದೆ?" ಅಂತ ಪ್ರಕಾಶಕರು ಬೆಪ್ಪಾಗಿ ಕೇಳಿದರು.

"ನಾನು ಮೂರು ತಿಂಗ್ಳಲ್ಲಿ ಅಚ್ಚಾಕ್ಬೇಕು ಅಂತ ಮೂರು ಬೆಳ್ಳು ಇಡುದ್ರೆ, ನೀವು ಐದೂ ಬೆಳ್ಳು ಕೊಟ್ರಲ್ಲ ಬುದ್ದಿ. ಓಗ್ಲಿ, ಐದೇ ಆಗ್ಲಿ ಅಂತ ಬುಟ್ಟೆ. ಇಷ್ಟು ಜನ ಚಪ್ಪಾಳೆ ತಟ್ಟವ್ರೆ, ಇನ್ನು ಇಂದಕ್ಕೋದ್ರೆ ಚೆನ್ನಾಗಿರಾಕಿಲ್ಲ."

ಅಷ್ಟು ಹೇಳಿ, ಸೀರೆ ಅಂಚಿನ ಗಂಟು ಬಿಚ್ಚಿ, ಹಗ್ಗವನ್ನು ನನ್ನ ಜೇಬಿಗೆ ತುರುಕಿ, ಬರೀ ಹಾಳೆಗಳನ್ನು ಪ್ರಕಾಶಕರ ಮಡಿಲಿಗೆ ಹಾಕಿದರು. ಒಳ್ಳೇ ಗಾಳಿ ಬೀಸುತ್ತಿತ್ತು. ಪ್ರಕಾಶಕರು "ಅಯ್ಯೋ ಅಯ್ಯೋ" ಅಂತ ಕಂತೆಯನ್ನು ಎರಡು ಕೈಯಲ್ಲೂ ತಬ್ಬಿ, ಗದ್ದ ಊರಿ ಕೂತರು. ಕೈ ಬಿಟ್ಟರೆ ಕಾದಂಬರಿ ಮಂಡ್ಯ ತುಂಬ ಹಾರುತ್ತೆ. ವಾಪಸ್ಸು ಕೊಡೋಣ ಅಂದರೂ ಕೈ ಎತ್ತೋ ಹಾಗಿಲ್ಲ. ಸಂಜೆ ಹಾಗೇ ತಬ್ಬಿಕೊಂಡೇ ಕಾರು ಹತ್ತಿದರು.

ಮನೆಗೆ ಬಂದು ಹೆಂಡತಿಯ ಕೈಗೆ ಆ ಸೀರೆ ಅಂಚನ್ನು ಕೊಟ್ಟು ನಡೆದದ್ದೆಲ್ಲ ಹೇಳಿದೆ. ಅವಳ ಮಾತಿಗೇ ಪುಸ್ತಕ ಹೋಯಿತು ಅಂತಲೂ ಹೇಳಿದೆ. ಅವಳು ಅಂಚನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಯ ಮೊಳೆಗೆ ಕಟ್ಟಿದಳು. ಆಮೇಲೆ, "ಅದು ಸರಿ, ಇನ್ನು ಮೇಲೆ ನಾನು ಡಬ್ಬಿ ತೆಗೆಯೋಕೆ ಯಾತರ ಮೇಲೆ ಹತ್ತಲಿ?" ಅಂದಳು.

ಒಪ್ಪಿದ ಹಾಗೆ ಐದು ತಿಂಗಳಿಗೆ ಪುಸ್ತಕ ಬಂತು. ರಟ್ಟಿನ ಮೇಲೆ ನನ್ನ ಹೆಸರು. ಮುಟ್ಟಿ ಮುಟ್ಟಿ ನೋಡಿದೆ. ನಾಯಕನ ತಾತ, ಮುತ್ತಾತ, ಬರಗಾಲ ಯಾವುದನ್ನೂ ಪ್ರಕಾಶಕರು ಉಳಿಸಿರಲಿಲ್ಲ. ಹುಡುಗಿಯನ್ನು ಮಾತ್ರ, ಬಸ್ಸಿನವರಿಗೆ ಮಾತು ಕೊಟ್ಟಿದ್ದೇನೆ ಅಂತ ಮೈಸೂರಿಗೇ ಹೋಗಿ ಕೂತು ನಾನೇ ಬದುಕಿಸಿ ಬಂದಿದ್ದೆ.

ಮೊದಲ ಪ್ರತಿ ಗೌಡರಿಗೆ ಅಂತ ಬಂಡೂರಿಗೆ ಓಡಿದೆ. ಅವರು ಟವೆಲಿನಿಂದ ಕೈ ಒರೆಸಿಕೊಂಡು, ಪುಸ್ತಕವನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು. ಬಾಯಿ ಬಿಡಿಸಿ ನೋಡಿದರು. ಹೆಬ್ಬೆರಳಿನಿಂದ ಬೆನ್ನು ಅಮುಕಿ ನೋಡಿದರು. ಅವರ ಮುಖ ಸಣ್ಣಗಾಯಿತು.

"ಅಲ್ಲ ಸಾಮೀ," ಅಂದರು ಸಂಕಟದಿಂದ, "ನಮ್ ಕೈಲಿ ಇದ್ದಾಗ ಎಂಗೆ ಮೈ ಕೈ ತುಂಬ್ಕೊಂಡಿತ್ತು! ಐದು ತಿಂಗ್ಳಲ್ಲಿ ಬರೀ ಮೂಳೆ ಚಕ್ಕಳ ಮಾಡವ್ರಲ್ಲ ಮೈಸೂರ್ನೋರು? ಮೇವೇ ಆಕಿಲ್ಲ ಅಂತ ಕಾಣ್ತದೆ. ಇನ್ನೊಂದು ಮರಿ ಏನಾರ ಇದ್ರೆ, ಆ ಮನೆಗೆ ಮಾತ್ರ ಕೊಡ್ಬ್ಯಾಡಿ."